ರೀಲ್ಸ್ ಜಾಹೀರಾತು: ದುಡ್ಡು ಜಾಸ್ತಿ ಹಾಕುವ ಮೊದಲು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ರೀಲ್ಸ್‌ನಲ್ಲಿ, ಶಾರ್ಟ್ಸ್‌ನಲ್ಲಿ ಸಣ್ಣದಾಗಿ ಜಾಹೀರಾತು ಶುರು ಮಾಡಿದ್ದೇವೆ, ಪರವಾಗಿಲ್ಲ ಅನ್ನುವಷ್ಟು ವ್ಯಾಪಾರ ಆಗುತ್ತಿದೆ, ಇದನ್ನು ದೊಡ್ಡದು ಮಾಡೋದು ಹೇಗೆ ಅಂತ. ಹಾಗಾಗಿ ಇಡೀ ಅಂಕಣವನ್ನು ಇದಕ್ಕೇ ಬಿಟ್ಟುಕೊಟ್ಟಿದ್ದೇನೆ. ಲಾಭ ನಷ್ಟದ ಲೆಕ್ಕ ಬಿಚ್ಚಿಟ್ಟು ಬರೆದಿದ್ದೀರಿ, ಅದಕ್ಕೇ ಊರಿನ ಹೆಸರಷ್ಟೇ ಹಾಕಿದ್ದೇನೆ.

ನಾವು ಇಳಕಲ್ ಸೀರೆ ಮಾರುತ್ತೇವೆ, ಸ್ವಂತ ವೆಬ್‌ಸೈಟ್ ಇದೆ. ಇನ್‌ಸ್ಟಾಗ್ರಾಮ್‌ನಲ್ಲಿ ದಿನಕ್ಕೆ ₹500 ಹಾಕುತ್ತಿದ್ದೆವು, ದಿನಕ್ಕೆ ಎರಡು ಸೀರೆ ಹೋಗುತ್ತಿತ್ತು. ಖುಷಿಯಾಗಿ ಒಂದೇ ಸಲ ₹5,000 ಮಾಡಿದೆವು. ಇಪ್ಪತ್ತು ಹೋಗಬೇಕಿತ್ತು, ಎಂಟು ಹೋಗುತ್ತಿವೆ. ಸೀರೆಗೆ ₹2,400. ನೇಕಾರರಿಗೆ ₹1,450 ಕೊಡುತ್ತೇವೆ, ಪ್ಯಾಕಿಂಗ್, ಕೊರಿಯರ್, ಪೇಮೆಂಟ್ ಗೇಟ್‌ವೇ ಸೇರಿ ₹190 ಆಗುತ್ತದೆ. ಇನ್ನೂ ಜಾಸ್ತಿ ಹಾಕಿದರೆ ಸರಿಹೋಗುತ್ತದಾ?
— ಇಳಕಲ್

ಬೇಡ. ಮೊದಲು ಬಜೆಟ್ ಇಳಿಸಿ, ಆಮೇಲೆ ಮುಂದಿನದು ಓದಿ.

ನಿಮ್ಮದೇ ಅಂಕಿ ಇಟ್ಟುಕೊಂಡು ನೋಡೋಣ. ₹2,400ರಲ್ಲಿ ₹1,640 ಕಳೆದರೆ ಸೀರೆಗೆ ₹760 ಉಳಿಯುತ್ತದೆ. ಜಾಹೀರಾತಿನ ಖರ್ಚು ಇದರೊಳಗೇ ಮುಗಿಯಬೇಕು. ಜಾಹೀರಾತಿನ ಬಿಲ್ಲಿಗೆ 18% ಜಿಎಸ್‌ಟಿ ಸೇರುತ್ತದೆ, ಅದನ್ನು ತುಂಬಾ ಜನ ಮರೆಯುತ್ತಾರೆ. ಹಾಗಾಗಿ ₹500 ಅಂದರೆ ನಿಜಕ್ಕೂ ₹590. ಎರಡು ಸೀರೆಗೆ ಹಂಚಿದರೆ ಒಂದಕ್ಕೆ ₹295. ದಿನಕ್ಕೆ ನಿಮ್ಮ ಕೈಗೆ ₹930 ಬರುತ್ತಿತ್ತು. ಈಗ ₹5,000 ಅಂದರೆ ₹5,900, ಎಂಟು ಸೀರೆಗೆ ಹಂಚಿ, ಎಲ್ಲ ಕಳೆದರೆ ದಿನಕ್ಕೆ ₹180 ಉಳಿಯುತ್ತಿದೆ. ನಾಲ್ಕು ಪಟ್ಟು ಸೀರೆ ಮಡಚಿ, ಪ್ಯಾಕ್ ಮಾಡಿ, ಕೊರಿಯರ್‌ಗೆ ಕೊಟ್ಟು, ಮೊದಲಿನ ಐದನೇ ಒಂದು ಭಾಗ ಮಾತ್ರ ದುಡಿಯುತ್ತಿದ್ದೀರಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಹೊಸದಾಗಿ ಸೇರಿಸಿದ ₹4,500ರಿಂದ ಬಂದದ್ದು ಆರು ಸೀರೆ ಮಾತ್ರ. ಜಿಎಸ್‌ಟಿ ಸೇರಿಸಿ ಒಂದಕ್ಕೆ ₹885 ಆಯಿತು. ಅಂದರೆ ಈ ಆರರಲ್ಲಿ ಪ್ರತಿಯೊಂದು ಸೀರೆಗೂ ನೀವು ಕೈಯಿಂದ ₹125 ಹಾಕಿ ಕಳಿಸುತ್ತಿದ್ದೀರಿ. ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ತಗೊಳ್ಳುವವರಾದರೆ ಆ 18% ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಹೊಂದಾಣಿಕೆ ಆಗುತ್ತದೆ, ಆದರೆ ಆಗಲೂ ಹೆಚ್ಚುವರಿ ಸೀರೆಗೆ ಉಳಿಯುವುದು ₹10. ಜಾಹೀರಾತು ನಡೆಸಲು ಮೆಟಾ (ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ನಡೆಸುವ ಕಂಪನಿ) ಕೊಡುವ ಆ್ಯಡ್ಸ್ ಮ್ಯಾನೇಜರ್ ಇದನ್ನು ತೋರಿಸುವುದಿಲ್ಲ. ಅದು ಸರಾಸರಿ ತೋರಿಸುತ್ತದೆ, ಸರಾಸರಿಯಲ್ಲಿ ಮೊದಲಿನ ಎರಡು ಒಳ್ಳೆಯ ಆರ್ಡರುಗಳು ಉಳಿದ ಆರರ ನಷ್ಟವನ್ನು ಮುಚ್ಚಿಬಿಡುತ್ತವೆ. ಬಜೆಟ್ ಏರಿಸಿದಾಗಲೆಲ್ಲ ಕೊನೆಗೆ ಸೇರಿಸಿದ ದುಡ್ಡು ಏನು ತಂದಿತು ಅಂತ ಬೇರೆಯಾಗಿ ಲೆಕ್ಕ ಹಾಕಿ. ಈ ಅಂಕಣದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ.

ಯಾಕೆ ಹೀಗಾಗುತ್ತದೆ? ಜಾತ್ರೆಯಲ್ಲಿ ಬಳೆ ಅಂಗಡಿ ಇಟ್ಟರೆ ಬಳೆ ತಗೊಳ್ಳಲೇಬೇಕು ಅಂತ ಬಂದವರು ಮೊದಲು ಬಂದು ತಗೊಂಡು ಹೋಗುತ್ತಾರೆ, ಆಮೇಲಿನವರನ್ನು ಕೂಗಿ ಕರೆಯಬೇಕು. ಇಲ್ಲೂ ಹಾಗೆಯೇ. ನಿಮ್ಮ ₹500ಕ್ಕೆ ಮೆಟಾದ ಯಂತ್ರ ಸೀರೆ ಕೊಳ್ಳುವ ಸಾಧ್ಯತೆ ತುಂಬಾ ಇರುವವರನ್ನೇ ಹುಡುಕಿ ತೋರಿಸುತ್ತದೆ. ₹5,000 ಒಂದೇ ದಿನದಲ್ಲಿ ಮುಗಿಸು ಅಂದಾಗ ಅದು ಆ ಗುಂಪು ದಾಟಿ ಹೊರಗೆ ಹೋಗಲೇಬೇಕು. ಒಬ್ಬರ ಮೊಬೈಲಿನಲ್ಲಿ ಒಂದು ಸಲ ಕಾಣಿಸಿಕೊಳ್ಳುವುದಕ್ಕೂ ಹಿಂದೆ ಹರಾಜು ನಡೆಯುತ್ತದೆ. ನೀವು ಎಷ್ಟು ಕೊಡುತ್ತೀರಿ, ಆ ವ್ಯಕ್ತಿ ಕೊಳ್ಳುವ ಸಾಧ್ಯತೆ ಎಷ್ಟು, ಜಾಹೀರಾತು ಎಷ್ಟು ಚೆನ್ನಾಗಿದೆ, ಈ ಮೂರೂ ಸೇರಿ ಗೆಲುವು ತೀರ್ಮಾನ ಆಗುತ್ತದೆ. ಸಾಧ್ಯತೆ ಕಡಿಮೆ ಇರುವವರ ಮುಂದೆ ಗೆಲ್ಲಲು ಜಾಸ್ತಿ ದುಡ್ಡೇ ಕೊಡಬೇಕು.

ಇನ್ನೊಂದು ಕಾರಣವೂ ಇದೆ. ಒಂದು ಆ್ಯಡ್ ಸೆಟ್ (ಒಂದೇ ಗುಂಪಿನ ಜನಕ್ಕೆ ತೋರಿಸುವ ಜಾಹೀರಾತುಗಳ ಕಟ್ಟು) ಸ್ಥಿರವಾಗಲು ವಾರಕ್ಕೆ ಸುಮಾರು 50 ಆರ್ಡರ್ ಬೇಕು ಅಂತ ಮೆಟಾ ಹೇಳುತ್ತದೆ, ಅಲ್ಲಿಯವರೆಗೂ ಅದು ಲರ್ನಿಂಗ್ ಹಂತ. ನಿಮಗೆ ವಾರಕ್ಕೆ ಹದಿನಾಲ್ಕು ಬರುತ್ತಿತ್ತು. ಅಂದರೆ ಯಂತ್ರ ಇನ್ನೂ ಕಲಿಯುತ್ತಲೇ ಇತ್ತು, ಅಷ್ಟರಲ್ಲಿ ಬಜೆಟ್ ಹತ್ತು ಪಟ್ಟು ಆಯಿತು, ಅದು ಮತ್ತೆ ಮೊದಲಿನಿಂದ ಶುರು ಮಾಡಿತು. ನಾಲ್ಕೈದು ಆ್ಯಡ್ ಸೆಟ್ ಮಾಡಿ ಬಜೆಟ್ ಹಂಚಿದ್ದರಂತೂ ಯಾವುದೂ ಕಲಿಯುವುದಿಲ್ಲ. ಎಲ್ಲ ಒಂದೇ ಆ್ಯಡ್ ಸೆಟ್‌ಗೆ ತನ್ನಿ. ಅದರೊಳಗೆ ನಾಲ್ಕೈದು ಬೇರೆ ಬೇರೆ ವಿಡಿಯೊ ಇಡಿ.

ಆಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ 20%ರಂತೆ ಏರಿಸಿ. ಇದೇನೂ ಮೆಟಾದ ಕಾನೂನಲ್ಲ, ಈ ಕೆಲಸ ಮಾಡುವವರ ರೂಢಿ, ಆದರೆ ಒಳ್ಳೆಯ ರೂಢಿ. ಈ ಲೆಕ್ಕದಲ್ಲಿ ₹500ರಿಂದ ₹5,000 ದಾಟಲು 13 ಮೆಟ್ಟಿಲು, ನಾಲ್ಕು ದಿನಕ್ಕೊಂದು ಅಂದರೂ ಸುಮಾರು 50 ದಿನ. ನಿಧಾನ ಅನ್ನಿಸಬಹುದು. ಆದರೆ ಪ್ರತಿ ಮೆಟ್ಟಿಲಲ್ಲೂ ನಿಂತು, ಈ ಸಲ ಸೇರಿಸಿದ ನೂರಿನ್ನೂರು ರೂಪಾಯಿ ಏನು ತಂದಿತು ಅಂತ ನೋಡಬಹುದು. ಹೆಚ್ಚುವರಿ ಸೀರೆಯ ಜಾಹೀರಾತು ಖರ್ಚು ₹450 ದಾಟುತ್ತಿದೆ ಅನ್ನಿಸಿದ ತಕ್ಷಣ ನಿಲ್ಲಿಸಿ. ಆ ಮೆಟ್ಟಿಲು ₹1,200ರಲ್ಲೇ ಬರಬಹುದು, ಬಂದರೆ ಬರಲಿ. ಅದರಿಂದ ಮೇಲಕ್ಕೆ ಹೋಗಬೇಕಾದರೆ ಬೇಕಾಗಿರುವುದು ಬಜೆಟ್ ಅಲ್ಲ, ಹೊಸ ವಿಡಿಯೊ, ಹೊಸ ಬಗೆಯ ಸೀರೆ, ಹೊಸ ಊರಿನ ಗಿರಾಕಿ.

ನೀವು ಮಾರುವುದು ಕೈಮಗ್ಗದ ಸೀರೆ ಆದರೆ ಇನ್ನೊಂದು ಮಾತು. ಒಂದು ಸೀರೆಗೆ ದಿನಗಟ್ಟಲೆ ಕೆಲಸ ಹಿಡಿಯುತ್ತದೆ. ದಿನಕ್ಕೆ ಇಪ್ಪತ್ತು ಆರ್ಡರ್ ಬಂದರೆ ನಿಮ್ಮ ನೇಕಾರರು ಕೊಡಬಲ್ಲರೇ? ಒಡಲಿನ ನೂಲಿಗೆ ಸೆರಗಿನ ನೂಲನ್ನು ಕೊಂಡಿ ಹಾಕಿ ಸೇರಿಸುವ ಆ ಕೆಲಸವನ್ನೇ ಹತ್ತಿರದಿಂದ ವಿಡಿಯೊ ಮಾಡಿ ತೋರಿಸಿ, ಬೆಲೆ ಸ್ವಲ್ಪ ಏರಿಸಿ ನೋಡಿ. ₹200 ಏರಿಸಿಯೂ ಆರ್ಡರ್ ಬಂದರೆ ಜಾಹೀರಾತಿಗೆ ಅಷ್ಟು ಜಾಗ ಸಿಕ್ಕಿತು, ನೇಕಾರರಿಗೂ ಒಂದು ಪಾಲು ಕೊಡಬಹುದು.

ಪೋಸ್ಟಿನ ಕೆಳಗಿನ ಬೂಸ್ಟ್ ಬಟನ್ ಒತ್ತಿದರೆ ಸಾಕಾ, ಆ್ಯಡ್ಸ್ ಮ್ಯಾನೇಜರ್ ಕಲಿಯಲೇಬೇಕಾ?
— ಮಂಡ್ಯ

ಹತ್ತಿರದ ಊರಿನವರಿಗೆ ಅಂಗಡಿ ಇದೆ ಅಂತ ಗೊತ್ತಾಗಬೇಕು ಅಷ್ಟೇ ಅಂದರೆ ಬೂಸ್ಟ್ ಸಾಕು. ಮಾರಾಟ ಬೇಕು, ಬಜೆಟ್ ಏರಿಸಬೇಕು ಅಂದರೆ ಆ್ಯಡ್ಸ್ ಮ್ಯಾನೇಜರ್ ಕಲಿಯಿರಿ. ಯಂತ್ರಕ್ಕೆ ನೀವು ಏನು ಹುಡುಕಲು ಹೇಳುತ್ತೀರೋ ಅದನ್ನೇ ಹುಡುಕುತ್ತದೆ. ಪ್ರೊಫೈಲ್ ನೋಡುವವರು ಬೇಕು ಅಂದರೆ ನೋಡಿ ಹೋಗುವವರನ್ನೇ ತರುತ್ತದೆ, ಕೊಳ್ಳುವವರನ್ನಲ್ಲ. ವೆಬ್‌ಸೈಟ್ ಇದ್ದರೆ, ಅಲ್ಲಿ ಆರ್ಡರ್ ಆದದ್ದನ್ನು ಮೆಟಾಗೆ ತಿಳಿಸುವ ಮೆಟಾ ಪಿಕ್ಸೆಲ್ ಅನ್ನುವ ಕೋಡ್ ಹಾಕಿಸಿ, ಸೇಲ್ಸ್ ಉದ್ದೇಶ ಆರಿಸಿ. ಇಷ್ಟು ಕಲಿಯಲು ಒಂದು ವಾರಾಂತ್ಯ ಕೂತರೆ ಆಗುತ್ತದೆ.

ಮಕ್ಕಳ ಬಟ್ಟೆ, ₹699. ಮಾಲಿಗೆ ₹310, ಕೊರಿಯರ್ ಮತ್ತು ಪ್ಯಾಕಿಂಗ್ ₹85, ಜಾಹೀರಾತು ಜಿಎಸ್‌ಟಿ ಸೇರಿ ಆರ್ಡರಿಗೆ ₹120. ಲೆಕ್ಕದ ಪ್ರಕಾರ ₹184 ಉಳಿಯಬೇಕು. ತಿಂಗಳ ಕೊನೆಗೆ ದುಡ್ಡೇ ಇರುವುದಿಲ್ಲ. ಕ್ಯಾಶ್ ಆನ್ ಡೆಲಿವರಿ ಇಟ್ಟಿದ್ದೇವೆ, 100ಕ್ಕೆ 30 ಪಾರ್ಸೆಲ್ ವಾಪಸ್ ಬರುತ್ತವೆ. ಬಜೆಟ್ ಡಬಲ್ ಮಾಡಬೇಕು ಅಂತಿದ್ದೇವೆ.
— ದಾವಣಗೆರೆ

ದುಡ್ಡು ಎಲ್ಲಿ ಹೋಗುತ್ತಿದೆ ಅಂತ ನೀವೇ ಬರೆದಿದ್ದೀರಿ. ವಾಪಸ್ ಬರುವ ಆ 30ರಲ್ಲಿ.

100 ಆರ್ಡರ್ ಇಟ್ಟುಕೊಳ್ಳಿ. ತಲುಪಿದ್ದು 70, ಬಂದ ದುಡ್ಡು ₹48,930. ಮಾಲಿಗೆ ₹21,700. ಆದರೆ ಕೊರಿಯರ್ ನೂರಕ್ಕೂ ಕಟ್ಟಿದ್ದೀರಿ, ₹8,500. ಜಾಹೀರಾತೂ ನೂರಕ್ಕೂ ಆಯಿತು, ₹12,000. ವಾಪಸ್ ತರಲು ಒಂದಕ್ಕೆ ₹60 ಅಂತ ಹಿಡಿದರೆ ₹1,800. ಉಳಿದದ್ದು ₹4,930. ನೀವು ಅಂದುಕೊಂಡಿದ್ದು ₹18,400. ವಾಪಸ್ ಬಂದ ಬಟ್ಟೆ ಕೊಳೆಯಾಗಿರದೆ ಮತ್ತೆ ಮಾರುವ ಹಾಗಿದ್ದರೆ ಮಾತ್ರ ಇಷ್ಟಾದರೂ ಸಿಗುತ್ತದೆ. ಇದೇ ಲೆಕ್ಕದಲ್ಲಿ 30ರ ಬದಲು 40 ವಾಪಸ್ ಬಂದರೆ ಉಳಿಯುವುದು ₹440. ನೂರು ಪಾರ್ಸೆಲ್ ಕಟ್ಟಿದ್ದಕ್ಕೆ!

ಬಜೆಟ್ ಡಬಲ್ ಮಾಡಿದರೆ ವಾಪಸಾತಿ ಅಲ್ಲಿಗೇ ನಿಲ್ಲುತ್ತದೆ ಅಂತ ಅಂದುಕೊಳ್ಳಬೇಡಿ. ಹೊಸದಾಗಿ ಬರುವವರು ನಿಮ್ಮ ಪೇಜ್ ಅನ್ನು ಮೊದಲ ಸಲ ನೋಡಿದವರು. ಸ್ಕ್ರಾಲ್ ಮಾಡುವಾಗ ಇಷ್ಟವಾಗಿ ಒತ್ತಿದರು, ಐದು ದಿನ ಬಿಟ್ಟು ಡೆಲಿವರಿ ಹುಡುಗ ಫೋನ್ ಮಾಡಿದಾಗ ಬೇಡ ಅಂದುಬಿಡುತ್ತಾರೆ. ಇದು ರೀಲ್ಸ್ ಜಾಹೀರಾತಿನ ಸ್ವಭಾವವೇ. ಹುಡುಕಿಕೊಂಡು ಬಂದವರಲ್ಲ ಅವರು, ನೀವು ಅಡ್ಡ ಬಂದು ತೋರಿಸಿದಿರಿ.

ಮೊದಲು ವಾಪಸಾತಿ ಇಳಿಸಿ. ಕಳಿಸುವ ಮುನ್ನ ಪ್ರತಿ ಆರ್ಡರಿಗೂ ವಾಟ್ಸ್‌ಆ್ಯಪ್ ಮೆಸೇಜ್ ಹಾಕಿ, ಉತ್ತರ ಬರದಿದ್ದರೆ ಫೋನ್ ಮಾಡಿ, ಎತ್ತದಿದ್ದರೆ ಕಳಿಸಬೇಡಿ. ಯುಪಿಐನಲ್ಲಿ ಮೊದಲೇ ಕೊಟ್ಟರೆ ₹50 ಕಡಿಮೆ ಅನ್ನಿ, ವಾಪಸಾತಿಯಲ್ಲಿ ಕಳೆಯುತ್ತಿರುವುದಕ್ಕಿಂತ ಅದು ಅಗ್ಗ. ಕ್ಯಾಶ್ ಆನ್ ಡೆಲಿವರಿಯೇ ಬೇಕು ಅನ್ನುವವರಿಂದ ₹99 ಮುಂಗಡ ತಗೊಂಡು ನೋಡಿ. ಆರ್ಡರ್ ಸಂಖ್ಯೆ ಬೀಳುತ್ತದೆ, ಅದಕ್ಕೆ ಹೆದರಬೇಡಿ. ಯಾವ ಪಿನ್‌ಕೋಡ್‌ನಿಂದ ಪದೇ ಪದೇ ವಾಪಸ್ ಬರುತ್ತಿದೆ ಅಂತ ಕೊರಿಯರ್ ಪಟ್ಟಿಯಲ್ಲಿ ಸಿಗುತ್ತದೆ, ಅಲ್ಲಿಗೆ ಕ್ಯಾಶ್ ಆನ್ ಡೆಲಿವರಿ ನಿಲ್ಲಿಸಿ.

ಇನ್ನೊಂದು ದೊಡ್ಡ ಕೆಲಸ ಇದೆ, ತುಂಬಾ ಜನ ಮಾಡುವುದೇ ಇಲ್ಲ. ಈಗ ಯಾರೇ ಆರ್ಡರ್ ಒತ್ತಿದರೂ ನಿಮ್ಮ ಪಿಕ್ಸೆಲ್ ಅದನ್ನು ಪರ್ಚೇಸ್ ಅಂತ ಮೆಟಾಗೆ ಹೇಳುತ್ತದೆ. ಯಂತ್ರ ಆಗ ಒತ್ತಿ ಬೇಡ ಅನ್ನುವವರ ಥರದವರನ್ನೇ ಇನ್ನಷ್ಟು ಹುಡುಕಿ ತರುತ್ತದೆ, ಅದರ ತಪ್ಪಲ್ಲ. ವೆಬ್‌ಸೈಟ್ ಮಾಡಿಕೊಟ್ಟವರ ಹತ್ತಿರ ಮಾತಾಡಿ, ಕನ್ವರ್ಷನ್ಸ್ ಎಪಿಐ (ನಿಮ್ಮ ಸರ್ವರ್‌ನಿಂದ ಮೆಟಾಗೆ ನೇರವಾಗಿ ಮಾಹಿತಿ ಕಳಿಸುವ ದಾರಿ) ಮೂಲಕ ದುಡ್ಡು ಕೊಟ್ಟ ಅಥವಾ ಫೋನಿನಲ್ಲಿ ಖಚಿತವಾದ ಆರ್ಡರುಗಳನ್ನಷ್ಟೇ ಪರ್ಚೇಸ್ ಅಂತ ಕಳಿಸುವ ಹಾಗೆ ಮಾಡಿಸಿ. ಪಾರ್ಸೆಲ್ ತಗೊಂಡವರ ಪಟ್ಟಿಯನ್ನು, ಅವರ ಒಪ್ಪಿಗೆ ಪಡೆದು, ಕಸ್ಟಮ್ ಆಡಿಯನ್ಸ್, ಅಂದರೆ ನೀವೇ ಕೊಡುವ ಜನರ ಪಟ್ಟಿಯಾಗಿ ಮೆಟಾಗೆ ಏರಿಸಿ. ಅದರಿಂದ ಲುಕ್‌ಅಲೈಕ್, ಅಂದರೆ ಅವರನ್ನೇ ಹೋಲುವ ಹೊಸಬರ ಗುಂಪು, ಮಾಡಲು ಒಂದು ದೇಶದ ಕನಿಷ್ಠ 100 ಜನ ಪಟ್ಟಿಯಲ್ಲಿರಬೇಕು, ನಿಮ್ಮ ಹತ್ತಿರ ಅದಕ್ಕಿಂತ ಜಾಸ್ತಿ ಇರುತ್ತಾರೆ. ವಾಪಸಾತಿ 15ಕ್ಕೆ ಇಳಿದ ಮೇಲೆ ಬಜೆಟ್ ಮಾತಾಡೋಣ.

ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರುತ್ತೇವೆ. ಒಂದು ರೀಲ್ ಮೂರು ವಾರ ಸಖತ್ತಾಗಿ ಓಡಿತು. ಈಗ ಅದೇ ರೀಲ್, ಅದೇ ಬಜೆಟ್, ಆರ್ಡರ್ ಅರ್ಧಕ್ಕೆ ಬಿದ್ದಿದೆ. ಫ್ರೀಕ್ವೆನ್ಸಿ 4 ತೋರಿಸುತ್ತಿದೆ. ಏನು ಮಾಡೋದು?
— ಧಾರವಾಡ

ರೀಲ್ ಹಳತಾಯಿತು, ಅಷ್ಟೇ. ಫ್ರೀಕ್ವೆನ್ಸಿ 4 ಅಂದರೆ ಒಬ್ಬರು ಸರಾಸರಿ ನಾಲ್ಕು ಸಲ ನೋಡಿದ್ದಾರೆ. ತಗೊಳ್ಳುವವರು ತಗೊಂಡಾಯಿತು, ಉಳಿದವರು ಹೆಬ್ಬೆರಳಲ್ಲಿ ಮೇಲೆ ತಳ್ಳುತ್ತಿದ್ದಾರೆ. ಬಜೆಟ್ ಏರಿಸಿದಷ್ಟೂ ರೀಲ್ ಬೇಗ ಹಳತಾಗುತ್ತದೆ, ಹಾಗಾಗಿ ಸ್ಕೇಲ್ ಮಾಡುವುದು, ಅಂದರೆ ಜಾಹೀರಾತು ದೊಡ್ಡದು ಮಾಡುವುದು, ಮುಕ್ಕಾಲು ಪಾಲು ವಿಡಿಯೊ ಮಾಡುವ ಕೆಲಸ. ವಾರಕ್ಕೆ ಮೂರಾದರೂ ಹೊಸ ವಿಡಿಯೊ ಹಾಕುವ ಶಕ್ತಿ ಇದ್ದರೆ ಮಾತ್ರ ದೊಡ್ಡ ಬಜೆಟ್‌ಗೆ ಕೈ ಹಾಕಿ.

ಹೊಸದು ಅಂದರೆ ಹಿನ್ನೆಲೆ ಬಣ್ಣ ಬದಲಿಸುವುದಲ್ಲ, ಹೇಳುವ ವಿಷಯವೇ ಬೇರೆ ಇರಬೇಕು. ಒಂದರಲ್ಲಿ ರೊಟ್ಟಿ ಮುರಿಯುವ ಸದ್ದಿನಿಂದ ಶುರು ಮಾಡಿ. ಇನ್ನೊಂದರಲ್ಲಿ ನಿಮ್ಮಲ್ಲಿ ರೊಟ್ಟಿ ಬಡಿಯುವ ಅಕ್ಕನೇ ಮಾತಾಡಲಿ. ಮತ್ತೊಂದರಲ್ಲಿ ಬೆಂಗಳೂರಿನ ಪಿಜಿಯಲ್ಲಿರುವ ಹುಡುಗ ರಾತ್ರಿ ಹತ್ತಕ್ಕೆ ಬಂದು ಡಬ್ಬಿ ತೆಗೆಯಲಿ. ಇವು ಮೂರೂ ಬೇರೆ ಬೇರೆ ಜನರನ್ನು ಹಿಡಿಯುತ್ತವೆ, ಯಾವುದು ಯಾರಿಗೆ ಅಂತ ಯಂತ್ರವೇ ಕಂಡುಕೊಳ್ಳುತ್ತದೆ. ಧಾರವಾಡದ ಮಾತನ್ನು ದಯವಿಟ್ಟು ಬೆಂಗಳೂರಿನ ಮಾತಿಗೆ ತಿದ್ದಬೇಡಿ. 'ರೊಟ್ಟಿ ಹೆಂಗದಾವು ನೋಡ್ರಿ' ಅಂತ ಶುರುವಾದರೆ ಪುಣೆಯಲ್ಲಿ, ಹೈದರಾಬಾದಿನಲ್ಲಿ ಇರುವ ನಿಮ್ಮ ಕಡೆಯವರು ಅಲ್ಲೇ ನಿಲ್ಲುತ್ತಾರೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಸೊಲ್ಲಾಪುರದವರಿಗೂ ಮನೆ ಊಟವೇ, ಮರಾಠಿಯಲ್ಲಿ ಒಂದು ವಿಡಿಯೊ ಮಾಡಿಸಿ ಆ ಕಡೆ ಪ್ರಯತ್ನಿಸಬಹುದು.

ಯಾವುದು ಚೆನ್ನಾಗಿದೆ ಅಂತ ಲೈಕ್ ನೋಡಿ ತೀರ್ಮಾನಿಸಬೇಡಿ. ಮೂರು ಸೆಕೆಂಡ್ ನೋಡಿದವರ ಸಂಖ್ಯೆಯನ್ನು ಒಟ್ಟು ಇಂಪ್ರೆಷನ್‌ನಿಂದ (ಜಾಹೀರಾತು ಎಷ್ಟು ಸಲ ಕಾಣಿಸಿತು ಅನ್ನುವ ಸಂಖ್ಯೆ) ಭಾಗಿಸಿ. ಅದು ಕಡಿಮೆ ಇದ್ದರೆ ಆರಂಭ ಸರಿಯಿಲ್ಲ, ಉಳಿದ ವಿಡಿಯೊ ಹಾಗೇ ಇಟ್ಟು ಮೊದಲ ಮೂರು ಸೆಕೆಂಡ್ ಮಾತ್ರ ಬದಲಿಸಿ. ಅದು ಚೆನ್ನಾಗಿದ್ದೂ ಆರ್ಡರ್ ಇಲ್ಲ ಅಂದರೆ ಬೆಲೆ, ಡೆಲಿವರಿ ಶುಲ್ಕ ಅಥವಾ ವೆಬ್‌ಸೈಟ್ ನೋಡಿ. ಬೆಲೆ, ಫೋನ್ ನಂಬರ್ ಬರೆಯುವಾಗ ಪರದೆಯ ಮೇಲಿನ 14%, ಕೆಳಗಿನ 35% ಜಾಗ ಖಾಲಿ ಬಿಡಿ, ಅಲ್ಲಿ ಪೇಜ್ ಹೆಸರು, ಬಟನ್ ಎಲ್ಲ ಬಂದು ಕೂರುತ್ತವೆ. ಸದ್ದಿಲ್ಲದೆ ನೋಡುವವರಿಗೆ ಕನ್ನಡದಲ್ಲೇ ಅಕ್ಷರ ಹಾಕಿ.

ಹಾಡಿನ ಬಗ್ಗೆ ಎಚ್ಚರಿಕೆ. ಟ್ರೆಂಡಿಂಗ್ ಸಿನಿಮಾ ಹಾಡು ಹಾಕಿದ ರೀಲನ್ನು ಜಾಹೀರಾತು ಮಾಡುವ ಹಾಗಿಲ್ಲ, ವ್ಯಾಪಾರಕ್ಕೆ ಬಳಸಲು ಬೇರೆ ಹಕ್ಕು ಬೇಕು. ಮೆಟಾ ಸೌಂಡ್ ಕಲೆಕ್ಷನ್‌ನಲ್ಲಿ ಉಚಿತ ಸಂಗೀತ ಇದೆ. ನಿಮಗಂತೂ ರೊಟ್ಟಿ ಬಡಿಯುವ ಸದ್ದೇ ಸಾಕು. ಹಾಗೆಯೇ ಎಫ್‌ಎಸ್‌ಎಸ್‌ಎಐ ನಂಬರ್ ಪ್ಯಾಕೆಟ್ಟಿನ ಮೇಲೆ ಇರಲೇಬೇಕು, ಅದನ್ನು ವಿಡಿಯೊದಲ್ಲೂ ತೋರಿಸಿ, ಗೊತ್ತಿಲ್ಲದವರ ಹತ್ತಿರ ತಿಂಡಿ ತರಿಸುವವರಿಗೆ ಧೈರ್ಯ ಬರುತ್ತದೆ.

ಹೋಂಸ್ಟೇ ಇದೆ, ನಾಲ್ಕು ರೂಮು. ವಾಟ್ಸ್‌ಆ್ಯಪ್‌ಗೆ ಬರುವ ಹಾಗೆ ಜಾಹೀರಾತು ಹಾಕಿದ್ದೇವೆ. ದಿನಕ್ಕೆ ನೂರು ಮೆಸೇಜ್, ಎಲ್ಲ 'ಪ್ರೈಸ್?' ಅಂತ. ಬುಕಿಂಗ್ ವಾರಕ್ಕೆ ಎರಡು. ಬಜೆಟ್ ಏರಿಸಿದರೆ ಬುಕಿಂಗ್ ಏರುತ್ತದಾ?
— ಸಕಲೇಶಪುರ

ಮೆಸೇಜ್ ಏರುತ್ತದೆ. ನೀವು ಯಂತ್ರಕ್ಕೆ ಕೇಳಿದ್ದೇ ಮೆಸೇಜ್ ಮಾಡುವವರನ್ನು. ಬೆಲೆಯನ್ನು ವಿಡಿಯೊದಲ್ಲೇ ದೊಡ್ಡದಾಗಿ ಹಾಕಿ, ಒಬ್ಬರಿಗೆ ಎಷ್ಟು, ಊಟ ಸೇರಿದೆಯಾ, ವಾರದ ದಿನ ಎಷ್ಟು, ಶನಿವಾರ ಎಷ್ಟು ಅಂತ. ಮೆಸೇಜ್ ಕಡಿಮೆ ಆಗುತ್ತವೆ, ಬರುವವರು ಬರುವ ಮನಸ್ಸಿನವರು. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ತಾನಾಗಿಯೇ ಹೋಗುವ ಮೊದಲ ಉತ್ತರದಲ್ಲಿ ಯಾವ ದಿನ, ಎಷ್ಟು ಜನ ಅಂತ ಕೇಳಿಬಿಡಿ. ಶನಿವಾರ ಹೇಗೂ ತುಂಬುತ್ತದೆ, ಜಾಹೀರಾತನ್ನು ಸೋಮವಾರದಿಂದ ಗುರುವಾರದ ರೂಮಿಗೆ ಮಾತ್ರ ಹಾಕಿ.

ನಾಲ್ಕು ರೂಮಿನ ಮನೆಗೆ ಸ್ಕೇಲ್ ಮಾಡುವ ಅಗತ್ಯವೇ ಇಲ್ಲ ಅಂತ ನನ್ನ ಅಭಿಪ್ರಾಯ. ರೂಮು ತುಂಬಿದ ಮೇಲೆ ಬಂದ ಪ್ರತಿ ಮೆಸೇಜೂ ದಂಡ.

ಒಂದು ಏಜೆನ್ಸಿಗೆ ಜಾಹೀರಾತು ಕೊಟ್ಟಿದ್ದೆವು. ಎರಡು ವರ್ಷ ಅವರದೇ ಆ್ಯಡ್ ಅಕೌಂಟಿನಲ್ಲಿ ನಡೆಸಿದರು. ಈಗ ಬಿಟ್ಟೆವು, ಹಳೆಯ ಡೇಟಾ ಕೊಡುತ್ತಿಲ್ಲ.
— ಶಿವಮೊಗ್ಗ

ನಿಮ್ಮ ಬೇಸರ ಅರ್ಥವಾಗುತ್ತದೆ. ದುಡ್ಡು ನಿಮ್ಮದು, ಕಲಿತದ್ದೆಲ್ಲ ಅವರ ಅಕೌಂಟಿನಲ್ಲಿ ಉಳಿಯಿತು. ಯಾವ ವಿಡಿಯೊ ಎಷ್ಟು ತಂದಿತು ಅನ್ನುವ ವರದಿಯನ್ನಾದರೂ ಬರವಣಿಗೆಯಲ್ಲಿ ಕೇಳಿ. ನಿಮ್ಮ ಗಿರಾಕಿಗಳ ಪಟ್ಟಿ ಹೇಗೂ ನಿಮ್ಮ ಹತ್ತಿರವೇ ಇದೆ, ಅದರಿಂದ ಹೊಸ ಅಕೌಂಟ್ ಶುರು ಮಾಡಿ. ಉಳಿದವರೆಲ್ಲ ಇದನ್ನು ಓದಿ ಇವತ್ತೇ ಪರೀಕ್ಷಿಸಿಕೊಳ್ಳಿ: ಮೆಟಾ ಬಿಸಿನೆಸ್ ಪೋರ್ಟ್‌ಫೋಲಿಯೊ (ಇವನ್ನೆಲ್ಲ ಒಂದೆಡೆ ಇಡುವ ಮುಖ್ಯ ಖಾತೆ), ಆ್ಯಡ್ ಅಕೌಂಟ್, ಪಿಕ್ಸೆಲ್, ಪೇಜ್ ನಾಲ್ಕೂ ನಿಮ್ಮ ಹೆಸರಲ್ಲಿರಬೇಕು. ಏಜೆನ್ಸಿಗೆ ಪಾರ್ಟ್‌ನರ್ ಅಂತ ಪ್ರವೇಶ ಕೊಡಿ, ಪಾಸ್‌ವರ್ಡ್ ಕೊಡಬೇಡಿ. ಜಾಹೀರಾತಿನ ಖರ್ಚಿನ ಮೇಲೆ ಇಷ್ಟು ಪರ್ಸೆಂಟ್ ಅಂತ ಫೀಸು ತಗೊಳ್ಳುವವರು ಬಜೆಟ್ ಏರಿಸಿ ಅಂತ ಹೇಳಿದಾಗ ಎರಡು ಸಲ ಯೋಚಿಸಿ, ಏರಿಸಿದರೆ ಅವರಿಗಂತೂ ಲಾಭ.

ಚನ್ನಪಟ್ಟಣದ ಗೊಂಬೆ ಮಾರುತ್ತೇವೆ. ದಸರಾ, ದೀಪಾವಳಿಗೆ ಬಜೆಟ್ ಮೂರು ಪಟ್ಟು ಮಾಡಬೇಕೆಂದಿದ್ದೇವೆ. ಜೊತೆಗೆ ಒಬ್ಬ ಇನ್‌ಫ್ಲುಯೆನ್ಸರ್ ಕೈಲಿ ರೀಲ್ ಮಾಡಿಸಬೇಕಾ?
— ಚನ್ನಪಟ್ಟಣ

ದೀಪಾವಳಿ ಹತ್ತಿರ ಬಂದಾಗ ದೊಡ್ಡ ದೊಡ್ಡ ಆನ್‌ಲೈನ್ ಅಂಗಡಿಗಳು, ಮೊಬೈಲ್ ಕಂಪನಿಗಳು ಎಲ್ಲ ಅದೇ ಹರಾಜಿಗೆ ಇಳಿಯುತ್ತವೆ. ಸಾವಿರ ಸಲ ತೋರಿಸಲು ಕೊಡುವ ಬೆಲೆ, ಅದೇ ಸಿಪಿಎಂ, ಏರುತ್ತದೆ. ಅವತ್ತು ಬಂದು ಅವರ ಜೊತೆ ಗುದ್ದಾಡಬೇಡಿ. ಶ್ರಾವಣದಲ್ಲೇ ಶುರು ಮಾಡಿ, ಗೊಂಬೆ ಕಡೆಯುವುದು, ಅರಗಿನ ಬಣ್ಣ ಹಚ್ಚುವುದು ತೋರಿಸುವ ವಿಡಿಯೊಗಳನ್ನು ಸಣ್ಣ ಬಜೆಟ್‌ನಲ್ಲಿ ಓಡಿಸಿ. ಅರ್ಧಕ್ಕಿಂತ ಜಾಸ್ತಿ ನೋಡಿದವರ ಪಟ್ಟಿಯನ್ನು ಆ್ಯಡ್ಸ್ ಮ್ಯಾನೇಜರ್‌ನಲ್ಲಿ ಕೇಳಿದರೆ ಮೆಟಾ ಕಟ್ಟಿಕೊಡುತ್ತದೆ, ನವರಾತ್ರಿಗೆ ಹದಿನೈದು ದಿನ ಮೊದಲು ಅವರಿಗೇ ಗೊಂಬೆ ಸೆಟ್‌ನ ಜಾಹೀರಾತು ತೋರಿಸಿ. ಕೊರಿಯರ್ ತಲುಪುವ ಕೊನೆಯ ದಿನ ದಾಟಿದ ಮೇಲೆ ಬಜೆಟ್ ಇಳಿಸಿಬಿಡಿ.

ಇನ್‌ಫ್ಲುಯೆನ್ಸರ್ ರೀಲ್ ಮಾಡಿಸಿ, ಆದರೆ ಅವರ ಫಾಲೋವರ್ಸ್ ನಂಬಿಕೊಂಡು ಬೇಡ. ಅವರ ಹೆಸರಲ್ಲೇ ನೀವು ದುಡ್ಡು ಹಾಕಿ ಓಡಿಸುವ ಪಾರ್ಟ್‌ನರ್‌ಶಿಪ್ ಆ್ಯಡ್ ಅಂತ ಇದೆ, ಅದಕ್ಕೆ ಒಪ್ಪುವವರನ್ನು ಹುಡುಕಿ, ಎಷ್ಟು ತಿಂಗಳು ಬಳಸಬಹುದು ಅಂತ ಮೊದಲೇ ಬರೆದುಕೊಳ್ಳಿ. ಹಣ ಪಡೆದ ರೀಲ್ ಅಂತ ಸ್ಪಷ್ಟವಾಗಿ ಹೇಳಲೇಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ₹10 ಲಕ್ಷದವರೆಗೂ ದಂಡ ಬೀಳಬಹುದು, ಮತ್ತೆ ಮಾಡಿದರೆ ₹50 ಲಕ್ಷದವರೆಗೆ.

ಅಮೆರಿಕದಲ್ಲಿದ್ದೇವೆ, ಭಾರತದ ಮಕ್ಕಳ ಹಬ್ಬದ ಉಡುಪು ಮಾರುತ್ತೇವೆ. ಟಿಕ್‌ಟಾಕ್‌ಗೂ ಇದೇ ನಿಯಮಗಳಾ?
— ಡಲ್ಲಾಸ್

ಭಾರತದಲ್ಲಿ ಟಿಕ್‌ಟಾಕ್ 2020ರ ಜೂನ್ 29ರಂದು ನಿಷೇಧವಾದ 59 ಆ್ಯಪ್‌ಗಳಲ್ಲಿ ಒಂದು, ಹಾಗಾಗಿ ಇಲ್ಲಿಯವರಿಗೆ ಆ ದಾರಿ ಇಲ್ಲ. ನಿಮಗೆ ಲೆಕ್ಕ ಅದೇ, ಅಲ್ಲೂ ಆ್ಯಡ್ ಗ್ರೂಪ್ (ಮೆಟಾದ ಆ್ಯಡ್ ಸೆಟ್ ಇದ್ದ ಹಾಗೆ) ಕಲಿಯಲು ಸುಮಾರು 50 ಆರ್ಡರ್ ಬೇಕು. ಆದರೆ ಪ್ರವೇಶವೇ ದುಬಾರಿ, ಕ್ಯಾಂಪೇನ್‌ಗೆ ದಿನಕ್ಕೆ ಕನಿಷ್ಠ 50 ಡಾಲರ್, ಆ್ಯಡ್ ಗ್ರೂಪ್‌ಗೆ 20 ಡಾಲರ್. ಸ್ಪಾರ್ಕ್ ಆ್ಯಡ್ಸ್‌ನಿಂದ ಶುರು ಮಾಡಿ. ನಿಮ್ಮ ಅಥವಾ ಒಪ್ಪಿದ ಇನ್ನೊಬ್ಬರ ಪೋಸ್ಟನ್ನೇ ಜಾಹೀರಾತು ಮಾಡುವ ವ್ಯವಸ್ಥೆ ಅದು, ಲೈಕ್ ಕಾಮೆಂಟ್ ಎಲ್ಲ ಆ ಪೋಸ್ಟಿನಲ್ಲೇ ಉಳಿಯುತ್ತವೆ. ಅಲ್ಲಿ ಭಾರತೀಯರು ಮಾತ್ರ ಅಂತ ಗುಂಪು ಕಟ್ಟುವುದು ಕಷ್ಟ. ಮೊದಲ ಮೂರು ಸೆಕೆಂಡಿನಲ್ಲಿ ಲಂಗ ದಾವಣಿ ಕಾಣಿಸಲಿ, ಬೇಕಾದವರು ನಿಲ್ಲುತ್ತಾರೆ, ಅವರು ನಿಂತದ್ದನ್ನು ನೋಡಿಯೇ ಯಂತ್ರ ಅಂಥವರನ್ನು ಹುಡುಕಿಕೊಳ್ಳುತ್ತದೆ.

ಒಂದು ಗ್ರಾಂ ಗೋಲ್ಡ್ ಆಭರಣ ಮಾರುತ್ತೇನೆ. ದಿನಕ್ಕೆ ₹800 ಜಾಹೀರಾತು, ಪ್ರತಿ ತಿಂಗಳೂ ಲಾಭ ಇದೆ. ನನ್ನ ಒಡವೆ ಅಡವಿಟ್ಟು ಎರಡು ಲಕ್ಷ ತಂದು ದಿನಕ್ಕೆ ₹5,000 ಹಾಕಬೇಕು ಅಂತಿದ್ದೇನೆ. ಯಜಮಾನರು ಬೇಡ ಅನ್ನುತ್ತಿದ್ದಾರೆ.
— ತುಮಕೂರು

ನಿಮ್ಮ ಪತ್ರ ಓದಿ ಮನಸ್ಸು ಭಾರವಾಯಿತು, ಅದಕ್ಕೇ ನೇರವಾಗಿ ಹೇಳುತ್ತೇನೆ. ಈಗ ಬೇಡ. ನಿಮ್ಮ ವ್ಯಾಪಾರ ಕೆಟ್ಟದ್ದು ಅಂತಲ್ಲ, ₹800ರಲ್ಲಿ ಪ್ರತಿ ತಿಂಗಳೂ ಲಾಭ ತೋರಿಸುವವರು ಕಡಿಮೆ. ಆದರೆ ₹800ರ ಲಾಭ ₹5,000ಕ್ಕೂ ಹೋಗುತ್ತದೆ ಅಂತ ಯಾವ ಭರವಸೆಯೂ ಇಲ್ಲ, ಇಳಕಲ್‌ನವರ ಲೆಕ್ಕ ಮೇಲೆ ನೋಡಿದಿರಲ್ಲ.

ಇನ್ನೊಂದು ವಿಷಯ ದುಡ್ಡು ತಿರುಗುವ ವೇಗ. ಜಾಹೀರಾತಿನ ದುಡ್ಡು ಇವತ್ತೇ ಹೋಗುತ್ತದೆ, ಮಾಲಿಗೆ ಮುಂಚೆಯೇ ಕೊಟ್ಟಿರುತ್ತೀರಿ. ಕ್ಯಾಶ್ ಆನ್ ಡೆಲಿವರಿ ದುಡ್ಡು ಪಾರ್ಸೆಲ್ ತಲುಪಿ, ಕೊರಿಯರ್ ಕಂಪನಿ ಲೆಕ್ಕ ಮಾಡಿ ಕಳಿಸಿದಾಗ ಬರುತ್ತದೆ. ಅದಕ್ಕೆ ಎರಡು ವಾರ ಹಿಡಿಯಿತು ಅನ್ನಿ, ದಿನಕ್ಕೆ ₹5,000ದಂತೆ ₹70,000 ಬರೀ ಜಾಹೀರಾತಿನಲ್ಲೇ ಸಿಕ್ಕಿಕೊಂಡಿತು, ಮೇಲೆ ಜಿಎಸ್‌ಟಿ ₹12,600, ಮಾಲು ಬೇರೆ. ಎರಡು ಲಕ್ಷ ನೀವು ಅಂದುಕೊಂಡಷ್ಟು ದಿನ ಬರುವುದಿಲ್ಲ, ಚಿನ್ನದ ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ಹೀಗೆ ಮಾಡಿ. ಪ್ರತಿ ತಿಂಗಳ ಲಾಭದಲ್ಲಿ ಅರ್ಧ ಮಾತ್ರ ಮುಂದಿನ ತಿಂಗಳ ಜಾಹೀರಾತಿಗೆ ಸೇರಿಸಿ, ₹800ರಿಂದ ₹960, ಅಲ್ಲಿಂದ ₹1,150. ಒಂದು ನೋಟ್‌ಬುಕ್‌ನಲ್ಲಿ ದಿನಾ ಐದು ಅಂಕಿ ಬರೆಯಿರಿ: ಜಿಎಸ್‌ಟಿ ಸೇರಿ ಜಾಹೀರಾತಿನ ಖರ್ಚು, ಬಂದ ಆರ್ಡರ್, ತಲುಪಿದ ಆರ್ಡರ್, ವಾಪಸ್ ಬಂದದ್ದು, ಕೈಗೆ ಬಂದ ದುಡ್ಡು. ಆ್ಯಡ್ಸ್ ಮ್ಯಾನೇಜರ್ ಹೇಳುವ ಸಂಖ್ಯೆಯನ್ನು ಇದರಲ್ಲಿ ಬರೆಯಬೇಡಿ, ಏಳು ದಿನದ ಹಿಂದೆ ಕ್ಲಿಕ್ ಮಾಡಿದವರು ಇವತ್ತು ಕೊಂಡರೂ ಅದು ತನ್ನದೇ ಮಾರಾಟ ಅನ್ನುತ್ತದೆ. ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ. ಮೂರು ತಿಂಗಳ ಪುಟಗಳ ಫೋಟೊ ತೆಗೆದು ಪತ್ರಿಕೆಯ ವಿಳಾಸಕ್ಕೆ ನನಗೆ ಕಳಿಸಿ. ನೋಡಿ, ಎಷ್ಟು ಏರಿಸಬಹುದು ಅಂತ ನಿಮಗೇ ಬೇರೆ ಬರೆಯುತ್ತೇನೆ.